ದನಿ ನಿಂತರೆ ಕೈ ನಿಲ್ಲಬೇಕು

ನನ್ನ ತಮ್ಮನಿಗೆ ನೆಗಡಿ ಬಂದರೆ ಅದು ಬಂದ ಹಾಗೆ ಹೋಗುವುದಿಲ್ಲ. ಮೂಗು ಸೋರುವುದು ನಾಲ್ಕು ದಿನಕ್ಕೆ ನಿಲ್ಲುತ್ತದೆ, ಗಂಟಲು ನೋವು ಐದನೇ ದಿನಕ್ಕೆ ಹೋಗುತ್ತದೆ, ಆಮೇಲೆ ಕೆಮ್ಮು ಮಾತ್ರ ಬಾಡಿಗೆಗೆ ಬಂದವರ ಹಾಗೆ ಎದೆಯೊಳಗೆ ಸಾಮಾನು ಇಳಿಸಿಕೊಂಡು ಕೂತುಬಿಡುತ್ತದೆ. ಒಂದು ತಿಂಗಳು, ಒಂದೂವರೆ ತಿಂಗಳು. ಚಿಕ್ಕಂದಿನಿಂದಲೂ ಹೀಗೇ. ಅಮ್ಮ ಪಾಳಿ ಕೆಲಸಕ್ಕೆ ಹೋಗುತ್ತಿದ್ದಳು. ಅವನಿಗಿಂತ ಹತ್ತು ವರ್ಷ ದೊಡ್ಡವಳಾದ ನಾನೇ ಅವನ ಬೆನ್ನು ನೀವುತ್ತಾ ಕೂತಿರುತ್ತಿದ್ದೆ. ಪಕ್ಕದ ಕೋಣೆಯಲ್ಲಿ ಅವನು ಕೆಮ್ಮಿದರೆ, ಇದು ನೀರು ಕುಡಿದರೆ ಹೋಗುವ ಕೆಮ್ಮೋ, ಎಬ್ಬಿಸಿ ಕೂರಿಸಬೇಕಾದ ಕೆಮ್ಮೋ ಎಂದು ಅಡುಗೆಮನೆಯಿಂದಲೇ ಹೇಳಬಲ್ಲೆ. ಇದು ಜಂಬದ ಮಾತು ಅಂತ ನನಗೂ ಗೊತ್ತು. ಈ ಜಂಬದಿಂದ ಒಬ್ಬ ಮನುಷ್ಯನ ಕೈಯೇ ಹೋಗುವುದರಲ್ಲಿತ್ತು.

ನಾನು ಟವರ್ ಕ್ರೇನ್ ಓಡಿಸುವವಳು. ಅರವತ್ತು ಮೀಟರ್ ಮೇಲೆ, ಎರಡು ಹೆಜ್ಜೆ ಅಗಲದ ಗಾಜಿನ ಕ್ಯಾಬಿನ್ನಿನಲ್ಲಿ ಬೆಳಿಗ್ಗೆಯಿಂದ ಸಂಜೆವರೆಗೆ ಕೂರುತ್ತೇನೆ. ಹೆಂಗಸು ಕ್ರೇನ್ ಹತ್ತುತ್ತಾಳೆ ಅಂತ ಮೊದಮೊದಲು ಕತ್ತೆತ್ತಿ ನೋಡುತ್ತಿದ್ದವರೆಲ್ಲ ಕತ್ತು ನೋವು ಬಂದು ಈಗ ಸುಮ್ಮನಾಗಿದ್ದಾರೆ. ಬಲಗೈಯ ಲಿವರನ್ನು ಮುಂದಕ್ಕೆ ತಳ್ಳಿದರೆ ಭಾರ ಇಳಿಯುತ್ತದೆ, ಹಿಂದಕ್ಕೆ ಎಳೆದರೆ ಏರುತ್ತದೆ, ಕೈ ಬಿಟ್ಟರೆ ಇದ್ದಲ್ಲೇ ನಿಲ್ಲುತ್ತದೆ. ಕೆಳಗೆ ಕಟ್ಟುತ್ತಿರುವ ಕಟ್ಟಡದ ಮುಂಭಾಗ ನನಗೆ ಕಾಣುತ್ತದೆ. ಲಿಫ್ಟಿನ ಗೋಡೆಯ ಹಿಂದಿರುವ, ಮೆಟ್ಟಿಲು ಕೂರಿಸುವ ಜಾಗ ಕಾಣುವುದಿಲ್ಲ. ಕಾಣದ ಕಡೆ ಭಾರ ಇಳಿಸುವಾಗ ವಾಕಿಟಾಕಿಯಲ್ಲಿ ಬರುವ ದನಿಯೇ ನನ್ನ ಕಣ್ಣು. ಆ ದನಿ ನನ್ನ ತಮ್ಮನದು.

ಅವನು ಆ ಜಾಗದ ಮೇಲಿನ ಮಹಡಿಯ ಅಂಚಿನಲ್ಲಿ ನಿಂತು ಬಾಯಿ ಮುಚ್ಚದೆ ಹೇಳುತ್ತಲೇ ಇರಬೇಕು. ‘ಇಳಿಸು, ಇಳಿಸು, ನಾಲ್ಕು ಮೀಟರ್, ಇಳಿಸು, ಮೂರು.’ ಕೆಳಗಿನವನು ‘ನಿಲ್ಲಿಸು’ ಎನ್ನಲಿ ಅಂತ ಕಾಯುವ ಹಾಗಿಲ್ಲ, ಏಕೆಂದರೆ ಹೇಳಬೇಕಾದವನೇ ಕಾಲು ಜಾರಿ ಬಿದ್ದಿರಬಹುದು, ವಾಕಿಟಾಕಿ ಕೆಟ್ಟಿರಬಹುದು. ಮಾತು ನಡೆಯುತ್ತಿರುವವರೆಗೆ ಭಾರ ಇಳಿಯಬೇಕು, ದನಿ ನಿಂತ ಕ್ಷಣ ಕೈ ನಿಲ್ಲಬೇಕು. ತರಬೇತಿಯ ಮೊದಲ ದಿನವೇ ಇದನ್ನು ತಲೆಗೆ ತುಂಬಿ ಕಳಿಸುತ್ತಾರೆ.

ಮನೆಯಲ್ಲಿ ಅವನು ಪಾಪು. ಒಮ್ಮೆ ವಾಕಿಟಾಕಿಯಲ್ಲಿ ಬಾಯಿ ತಪ್ಪಿ ಹಾಗೇ ಕರೆದುಬಿಟ್ಟೆ. ಅವತ್ತಿನಿಂದ ಮೂವತ್ತೊಂದು ವರ್ಷದ ಗಡ್ಡದ ಗಂಡಸು ಇಡೀ ಕಟ್ಟಡಕ್ಕೆ ಪಾಪು ಆದ. ಕೆಳಗೆ ಮೆಟ್ಟಿಲಿನ ತುಂಡುಗಳನ್ನು ಹಿಡಿದು ಜಾಗಕ್ಕೆ ಕೂರಿಸುವ ಫಿಟ್ಟರನ್ನು ಎಲ್ಲರೂ ಮೀಸೆಯಣ್ಣ ಎನ್ನುತ್ತಾರೆ. ಮೀಸೆ ಬೋಳಿಸಿ ಆರು ವರ್ಷವಾಯಿತು, ಹೆಸರು ಮಾತ್ರ ಬೋಳಿಸಲು ಆಗಿಲ್ಲ.

ಈ ಸಲದ ನೆಗಡಿ ಹೋಗಿ ಎರಡನೇ ದಿನ ಅವನು ‘ಇಳಿಸು, ಇಳಿ—’ ಎನ್ನುತ್ತಾ ಕೆಮ್ಮಿದ. ನಾನು ತಟ್ಟನೆ ನಿಲ್ಲಿಸಿದೆ. ಭಾರ ನೇತಾಡಿತು. ಮತ್ತೆ ಶುರು ಮಾಡಿದೆ, ಮತ್ತೆ ಕೆಮ್ಮಿದ, ಮತ್ತೆ ನಿಲ್ಲಿಸಿದೆ. ಒಂದು ಮೆಟ್ಟಿಲು ಕೂರಿಸುವುದಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಫೋರ್‌ಮನ್ ವಾಕಿಟಾಕಿಗೆ ಬಂದ.

“ಏನಮ್ಮಾ, ಹುಕ್ಕಿಗೆ ನೇತಾಕಿ ಒಣಗಿಸ್ತಿದ್ದೀಯಾ?”

ಊಟದ ಹೊತ್ತಿಗೆ ಕೆಳಗಿಳಿದಾಗ ತಮ್ಮನ ಮುಖ ಚಿಕ್ಕದಾಗಿತ್ತು. ಕೆಮ್ಮಿಗಿಂತ ಹೆಚ್ಚಾಗಿ ಮರ್ಯಾದೆ ಹೋಗಿದ್ದು ಅವನನ್ನು ತಿನ್ನುತ್ತಿತ್ತು.

“ಅಕ್ಕ, ಕೆಮ್ಮಿಗೆಲ್ಲ ನಿಲ್ಲಿಸ್ಬೇಡ. ನಿಲ್ಲಿಸ್ಬೇಕು ಅಂದ್ರೆ ನಾನೇ ಬಾಯ್ಬಿಟ್ಟು ಹೇಳ್ತೀನಿ.”

“ಕೆಮ್ಮು ಬಂದಾಗ ಹೆಂಗೋ ಹೇಳ್ತೀಯ?”

“ನನ್ನ ಕೆಮ್ಮು ನಿಂಗೊತ್ತಿಲ್ವಾ? ನಾಲ್ಕು ಕೆಮ್ಮಿ ಐದನೇದಕ್ಕೆ ಮಾತು ಬರುತ್ತೆ.”

ಗೊತ್ತಿತ್ತು. ಗೊತ್ತು ಅನ್ನಿಸಿಕೊಳ್ಳುವುದು ನನಗೆ ಇಷ್ಟವೂ ಆಯಿತು. ಮಾರನೇ ದಿನದಿಂದ ಅವನು ಕೆಮ್ಮಿದಾಗ ನಾನು ಕೈ ನಿಧಾನ ಮಾಡುತ್ತಿದ್ದೆ, ನಿಲ್ಲಿಸುತ್ತಿರಲಿಲ್ಲ. ಒಂದು ವಾರ ಕಳೆಯುವಷ್ಟರಲ್ಲಿ ನಿಧಾನ ಮಾಡುವುದನ್ನೂ ಬಿಟ್ಟೆ. ಕೆಮ್ಮೂ ಅವನ ಮಾತಿನೊಳಗೆ ಸೇರಿಹೋಯಿತು. ಫೋರ್‌ಮನ್ ನಮ್ಮಿಬ್ಬರ ಜೋಡಿಯನ್ನು ಬೇರೆಯವರ ಮುಂದೆ ಹೊಗಳಿದ, ನಾನು ಉಬ್ಬಿದೆ.

ಮನೆಯಲ್ಲಿ ಅವನ ಹತ್ತಿರ ಉಸಿರಿನ ಜೊತೆ ಔಷಧಿ ಎಳೆದುಕೊಳ್ಳುವ ಎರಡು ಪಂಪುಗಳಿದ್ದವು. ಕಂದು ಬಣ್ಣದ್ದನ್ನು ದಿನಾ ಎರಡು ಹೊತ್ತು ಎಳೆಯಬೇಕು. ಅದು ಸ್ನಾನದ ಮನೆಯ ಕಿಟಕಿಯಲ್ಲಿ ಧೂಳು ತಿನ್ನುತ್ತಾ ಕೂತಿತ್ತು. ನೀಲಿಯದು ತುರ್ತಿಗೆ, ಅದು ಅವನ ಜೇಬು ಬಿಟ್ಟು ಇಳಿಯುತ್ತಿರಲಿಲ್ಲ. ಬೈದರೆ ಅವನ ಉತ್ತರ ರೆಡಿ ಇರುತ್ತಿತ್ತು.

“ನಂಗೇನು ಉಬ್ಬಸ ಇದ್ಯಾ? ಎದೇಲಿ ಸೀಟಿ ಹೊಡೀತಿದ್ಯಾ? ಬರೀ ಕೆಮ್ಮು. ಚೆನ್ನಾಗಿರೋವಾಗ ದಿನಾ ಔಷಧಿ ತಗೊಂಡ್ರೆ ಅದೇ ಅಭ್ಯಾಸ ಆಗೋಗುತ್ತೆ.”

“ಬೆಳಗಿನ ಜಾವ ಕೆಮ್ಮಿ ಕೆಮ್ಮಿ ಇಡೀ ಮನೇನ ಎಬ್ಬಿಸ್ತೀಯಲ್ಲ, ಅದು ಅಭ್ಯಾಸ ಅಲ್ವಾ?”

“ಕಂಪನಿ ಡಾಕ್ಟರ ಕಿವೀಗೆ ಅಸ್ತಮಾ ಅಂತ ಬಿದ್ರೆ ವಾಕಿಟಾಕಿ ಕಿತ್ಕೊಳ್ತಾರೆ, ಅಕ್ಕ. ಆಮೇಲೆ ಗೇಟ್ ಕಾಯ್ಬೇಕು.”

ಅಲ್ಲಿಗೆ ನಾನು ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ನನಗೂ ಅವನ ದನಿ ಬೇಕಿತ್ತು. ಹೊಸಬನೊಬ್ಬನ ದನಿಗೆ ನನ್ನ ಕೈ ಒಪ್ಪಿಸುವುದು ಬೇಡವಾಗಿತ್ತು.

ಕೆಮ್ಮು ಹಿಡಿದು ಮೂರನೇ ವಾರ, ಒಂದು ಬೆಳಿಗ್ಗೆ ಗಾಳಿ ತಣ್ಣಗಿತ್ತು, ಒಣಗಿತ್ತು. ಹುಕ್ಕಿನಲ್ಲಿ ಮೂರು ಸಾವಿರದ ಇನ್ನೂರು ಕಿಲೋ ತೂಕದ ಮೆಟ್ಟಿಲಿನ ತುಂಡು. ಅದನ್ನು ಲಿಫ್ಟಿನ ಗೋಡೆಯ ಹಿಂದಕ್ಕೆ ದಾಟಿಸಿದೆ, ಅದು ನನ್ನ ಕಣ್ಣಿಂದ ಮರೆಯಾಯಿತು. ಅದೇ ಮಹಡಿಯಲ್ಲಿ ಯಾರೋ ಕಾಂಕ್ರೀಟ್ ಕೊಯ್ಯುವ ಯಂತ್ರ ಶುರು ಮಾಡಿದರು. ವಾಕಿಟಾಕಿಯಲ್ಲಿ ತಮ್ಮನ ದನಿಯ ಹಿಂದೆ ಅದರ ಕಿರುಚಾಟ ಕೇಳುತ್ತಿತ್ತು. ಅದರ ಬಿಳಿ ಧೂಳು ಗೋಡೆಯ ಮೇಲಿನಿಂದ ಎದ್ದು ಬಂದಿದ್ದನ್ನು ನಾನು ಕಣ್ಣಾರೆ ನೋಡಿದೆ. ನೋಡಿಯೂ ನನಗೇನೂ ಅನ್ನಿಸಲಿಲ್ಲ.

“ಇಳಿಸು, ಇಳಿಸು, ಆರು ಮೀಟರ್, ಇಳಿಸು, ಐದು, ಇಳಿಸು...”

ಕೆಮ್ಮು. ಒಂದು, ಎರಡು, ಮೂರು, ನಾಲ್ಕು. ಐದನೆಯದಕ್ಕೆ ಮಾತು ಬರಬೇಕು. ಬರಲಿಲ್ಲ. ಆರು, ಏಳು. ನನ್ನ ಕೈ ಮುಂದಕ್ಕೇ ಇತ್ತು. ಈಗ ಬರುತ್ತದೆ, ಈಗ ಬರುತ್ತದೆ ಅಂದುಕೊಂಡೆ. ಆಮೇಲೆ ಕೆಮ್ಮೂ ನಿಂತಿತು, ಅದರ ಜಾಗದಲ್ಲಿ ಸಣ್ಣ ಸೀಟಿಯಂಥ ಶಬ್ದ ಬಂತು. ಮೂವತ್ತೊಂದು ವರ್ಷದಲ್ಲಿ ಅವನ ಎದೆಯಿಂದ ಆ ಶಬ್ದ ನಾನು ಕೇಳಿರಲಿಲ್ಲ.

ಅಷ್ಟರಲ್ಲಿ ಹುಕ್ಕಿನ ಭಾರ ತೋರಿಸುವ ಕ್ಯಾಬಿನ್ನಿನ ಪರದೆಯ ಮೇಲೆ ತೂಕ ಇಳಿಯಿತು. ಮೂರು ಸಾವಿರದ ಇನ್ನೂರು ಇದ್ದದ್ದು ಮೂರು ಸಾವಿರ, ಎರಡು ಸಾವಿರದ ಒಂಬೈನೂರು. ಭಾರ ಯಾವುದರ ಮೇಲೋ ಕೂರುತ್ತಿದೆ ಎಂದರ್ಥ. ನೆಲ ಮುಟ್ಟಲು ಇನ್ನೂ ಎರಡು ಮೀಟರ್ ಇರಬೇಕಿತ್ತು. ನಾನು ಲಿವರ್ ಬಿಟ್ಟೆ.

“ಪಾಪು! ಏನಾಯ್ತು? ಪಾಪು!”

ನನ್ನ ಮಾತು ಅವನಿಗೆ ತಲುಪುತ್ತಿರಲಿಲ್ಲ. ಅವನು ವಾಕಿಟಾಕಿಯ ಗುಂಡಿಯನ್ನು ಒತ್ತಿ ಹಿಡಿದಿದ್ದ. ಒಬ್ಬರು ಒತ್ತಿ ಹಿಡಿದರೆ ಮತ್ತೊಬ್ಬರು ಎಷ್ಟು ಕೂಗಿದರೂ ಅತ್ತ ಕೇಳುವುದಿಲ್ಲ. ಅವನು ‘ನಿಲ್ಲಿಸು’ ಎನ್ನಲು ಒತ್ತಿದ್ದಾನೆ, ಮಾತು ಹೊರಡುತ್ತಿಲ್ಲ, ಗುಂಡಿ ಬಿಡಲು ತೋಚುತ್ತಿಲ್ಲ. ನನಗೆ ಕೇಳುತ್ತಿದ್ದದ್ದು ಆ ಸೀಟಿ ಮತ್ತು ಆ ಹಾಳು ಯಂತ್ರ, ಎರಡೇ.

ಇಳಿಸುವ ಹಾಗಿಲ್ಲ. ಎತ್ತಬಹುದೇ? ಕೆಳಗೆ ಏನು ಸಿಕ್ಕಿಕೊಂಡಿದೆ, ಯಾವ ಕಡೆ ಸಿಕ್ಕಿಕೊಂಡಿದೆ ಅಂತ ಗೊತ್ತಿಲ್ಲದೆ ಎತ್ತಿದರೆ ತುಂಡು ತಿರುಗಿ ಇನ್ನೂ ಹೆಚ್ಚು ಹಿಂಡಬಹುದು. ಎರಡೂ ಕೈಗಳನ್ನು ತೊಡೆಯ ಕೆಳಗೆ ಹಾಕಿಕೊಂಡು ಅವುಗಳ ಮೇಲೆ ಕೂತೆ. ಏನನ್ನೂ ಮಾಡದೆ ಕೂರುವುದು ನನ್ನ ಜಾಯಮಾನಕ್ಕೆ ಒಗ್ಗದ ಕೆಲಸ. ಅವತ್ತು ಹಲ್ಲು ಕಚ್ಚಿ ಅದನ್ನೇ ಮಾಡಿದೆ.

ಟಕ್ ಅಂತ ಗುಂಡಿ ಬಿಟ್ಟ ಸದ್ದು ಕೇಳಿತು. ನಾನು ತಕ್ಷಣ ನನ್ನದನ್ನು ಒತ್ತಿದೆ.

“ಪಾಪು, ಮಾತಾಡ್ಬೇಡ. ಒಂದ್ಸಲ ಒತ್ತಿದ್ರೆ ಹೌದು, ಎರಡ್ಸಲ ಒತ್ತಿದ್ರೆ ಇಲ್ಲ. ಯಾರಾದ್ರೂ ಸಿಕ್ಕಾಕ್ಕೊಂಡಿದಾರಾ?”

ಟಕ್.

“ಎತ್ತಿದ್ರೆ ಬಿಡುತ್ತಾ?”

ಏನೂ ಬರಲಿಲ್ಲ. ಅವನು ಬಗ್ಗಿ ನೋಡುತ್ತಿದ್ದಾನೋ, ಬಿದ್ದೇ ಹೋದನೋ? ಆಮೇಲೆ ಒಂದು ಟಕ್ ಬಂತು.

“ಬೆರಳಗಲ ಎತ್ತುತೀನಿ. ತಪ್ಪಾದ್ರೆ ಎರಡು ಒತ್ತು.”

ಲಿವರನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದೆ. ಪರದೆಯ ಅಂಕಿ ಮೂರು ಸಾವಿರಕ್ಕೆ ಬಂತು, ಮೂರು ಸಾವಿರದ ನೂರು, ಇನ್ನೂರು. ಅಲ್ಲಿಗೆ ಲಿವರ್ ಬಿಟ್ಟು ಕಾದೆ. ಅರ್ಧ ನಿಮಿಷದ ಮೇಲೆ ವಾಕಿಟಾಕಿಯಲ್ಲಿ ಬೇರೆ ದನಿ ಕಿರುಚಿತು.

“ಸಾಕು! ಸಾಕು ಅಕ್ಕಾ! ಕೈ ಬಂತು!”

ಮೀಸೆಯಣ್ಣ. ಅಡ್ಡ ತಿರುಗಿದ್ದ ತುಂಡನ್ನು ನೇರ ಮಾಡಲು ಹೋಗಿ ಎಡಗೈ ಅದಕ್ಕೂ ಗೋಡೆಯಂಚಿಗೂ ನಡುವೆ ಸಿಕ್ಕಿಕೊಂಡಿತ್ತು. ಗೋಡೆಯಿಂದ ಎದ್ದು ನಿಂತಿದ್ದ ಕಬ್ಬಿಣದ ಸರಳುಗಳ ಮೇಲೆ ಭಾರ ಕೂತಿದ್ದರಿಂದ ಕೈ ಉಳಿದಿತ್ತು. ಅವನು ಕೂಗಿದ್ದು ಯಂತ್ರದ ಗಲಾಟೆಯಲ್ಲಿ ಯಾರಿಗೂ ಕೇಳಿರಲಿಲ್ಲ. ಕೈ ಬಂದ ಮೇಲೆ ಒಂದೇ ಕೈಯಲ್ಲಿ ಏಣಿ ಹತ್ತಿ ತಮ್ಮನ ವಾಕಿಟಾಕಿ ಕಿತ್ತುಕೊಂಡಿದ್ದ.

“ಪಾಪೂಗೆ ಉಸಿರು ಹೋಗ್ತಿಲ್ಲ ಅಕ್ಕಾ. ತುಟಿ ನೀಲಿ ಆಗಿದೆ. ಪಂಪು ಒತ್ತುತಾನೆ, ಏನೂ ಬರ್ತಿಲ್ಲ.”

ಕೂಡಲೇ ಇಳಿದು ಓಡಬೇಕು ಅನ್ನಿಸಿತು. ಓಡುವ ಹಾಗಿರಲಿಲ್ಲ. ಹುಕ್ಕಿನಲ್ಲಿ ಭಾರ ಬಿಟ್ಟು ಕ್ರೇನಿನಿಂದ ಇಳಿಯಬಾರದು. ಗಾಳಿಗೆ ಅದು ಎಲ್ಲಿಗೆ ಬೇಕಾದರೂ ತೂಗಬಹುದು. ತಮ್ಮ ಉಸಿರಿಗೆ ಒದ್ದಾಡುತ್ತಿದ್ದಾನೆ, ನಾನು ಮೂರು ಸಾವಿರದ ಇನ್ನೂರು ಕಿಲೋ ಹಿಡಿದುಕೊಂಡು ಮೇಲೆ ಕೂತಿದ್ದೇನೆ. ಪ್ರಥಮ ಚಿಕಿತ್ಸೆಯ ನರ್ಸಮ್ಮನಿಗೆ ವಾಕಿಟಾಕಿಯಲ್ಲಿ ಕೂಗಿ ಹೇಳಿದೆ. ಭಾರವನ್ನು ಗೋಡೆಯಿಂದ ಈಚೆ, ನನಗೆ ಕಾಣುವ ಅಂಗಳಕ್ಕೆ ತಂದು, ಮರದ ದಿಮ್ಮಿಗಳ ಮೇಲೆ ಕೂರಿಸಿದೆ. ಯಾವತ್ತೂ ಅಷ್ಟು ಮೆಲ್ಲಗೆ ಕೂರಿಸಿದವಳಲ್ಲ. ಅವಸರ ಮಾಡಿದರೆ ಇನ್ನೊಬ್ಬನನ್ನು ಕೊಲ್ಲುತ್ತೇನೆ ಅಂತ ಬಾಯಲ್ಲಿ ಹೇಳಿಕೊಳ್ಳುತ್ತಲೇ ಇದ್ದೆ. ಆಮೇಲೆ ಏಣಿ ಇಳಿದೆ. ಇನ್ನೂರು ಮೆಟ್ಟಿಲು.

ನಾನು ಹೋಗುವಷ್ಟರಲ್ಲಿ ನರ್ಸಮ್ಮ ಬಾಟಲಿಯಂಥ ಪ್ಲಾಸ್ಟಿಕ್ ಕೊಳವೆಯೊಂದನ್ನು ಅವನ ಬಾಯಿಗಿಟ್ಟು, ಅದರ ಇನ್ನೊಂದು ತುದಿಗೆ ಹೊಸ ನೀಲಿ ಪಂಪು ಸಿಕ್ಕಿಸಿ, ಒಂದೊಂದೇ ಒತ್ತಿ ಅವನಿಂದ ಮೆಲ್ಲಗೆ ಉಸಿರು ಎಳೆಸುತ್ತಿದ್ದಳು. ಅವನು ಮುಂದಕ್ಕೆ ಬಾಗಿ, ಎರಡೂ ಕೈ ಮೊಣಕಾಲ ಮೇಲೆ ಊರಿ, ಹೆಗಲೆತ್ತಿ ಕೂತಿದ್ದ. ನನ್ನನ್ನು ನೋಡಿ ಕಣ್ಣಲ್ಲಿ ನೀರು ತುಂಬಿಕೊಂಡ. ನನಗೆ ಅವನನ್ನು ಅಪ್ಪಿಕೊಳ್ಳಬೇಕೋ ಕಪಾಳಕ್ಕೆ ಬಾರಿಸಬೇಕೋ ತಿಳಿಯಲಿಲ್ಲ.

ಆಸ್ಪತ್ರೆಯಲ್ಲಿ ಆಮ್ಲಜನಕ ಹಾಕಿದರು. ಸಂಜೆಗೆ ಅವನ ತುಟಿಗೆ ಬಣ್ಣ ಬಂತು. ಡಾಕ್ಟರಮ್ಮ ಅವನ ಖಾಲಿ ನೀಲಿ ಪಂಪನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಕೇಳಿದರು.

“ಇದನ್ನ ಯಾವಾಗ ತಗೊಂಡಿದ್ದು?”

“ಮೂರು ವಾರ ಆಯ್ತು.”

“ಮೂರು ವಾರಕ್ಕೆ ಒಂದು ಡಬ್ಬಿ ಖಾಲಿ ಮಾಡಿದೀರ. ಅಷ್ಟು ಬೇಕಾಗ್ತಿದೆ ಅಂದ್ರೆ ಅವತ್ತೇ ಇಲ್ಲಿಗೆ ಬರ್ಬೇಕಿತ್ತು.”

“ಬರೀ ಕೆಮ್ಮು ಅಂತ...”

“ನಿಮ್ಮ ಕೆಮ್ಮೇ ನಿಮ್ಮ ಅಸ್ತಮಾ ಕಣಪ್ಪ. ಎಲ್ಲರ ಎದೇಲೂ ಸೀಟಿ ಹೊಡೀಬೇಕು ಅಂತಿಲ್ಲ. ನೆಗಡಿ ಹೋದ್ರೂ ಒಳಗಿನ ಕೊಳವೆಗಳ ಊತ ಇಳಿದಿರಲ್ಲ. ನೀಲಿಯದು ಬಿಗಿದಿರೋದನ್ನ ಸ್ವಲ್ಪ ಹೊತ್ತು ಸಡಿಲ ಮಾಡುತ್ತೆ, ಅಷ್ಟೆ. ಊತ ಇಳಿಸೋದು ಕಂದು ಬಣ್ಣದ್ದು. ಅದನ್ನ ಚೆನ್ನಾಗಿದ್ದಾಗ್ಲೂ ತಗೋಬೇಕು, ತಗೊಂಡು ಬಾಯಿ ಮುಕ್ಕಳಿಸಬೇಕು.”

ಉಸಿರಿನ ರಭಸ ಅಳೆಯಲು ಊದಿ ನೋಡುವ ಒಂದು ಮೀಟರ್ ಕೊಟ್ಟರು. ನೆಗಡಿಯ ಮೊದಲ ದಿನವೇ ಏನು ಮಾಡಬೇಕು, ಮೀಟರ್ ಎಷ್ಟಕ್ಕೆ ಇಳಿದರೆ ಯಾರಿಗೆ ಫೋನ್ ಮಾಡಬೇಕು ಎಂದು ಒಂದು ಹಾಳೆಯಲ್ಲಿ ಬರೆದುಕೊಟ್ಟರು. ಅವನು ಊದಿದ. ಇನ್ನೂರ ಎಪ್ಪತ್ತು. ಅವನ ಎತ್ತರದವರಿಗೆ ಐನೂರರ ಮೇಲೆ ಬರಬೇಕಂತೆ.

ಮಾರನೇ ದಿನ ಬೆಳಿಗ್ಗೆ ಸುರಕ್ಷತಾ ಅಧಿಕಾರಿಯ ಕೋಣೆಯಲ್ಲಿ ವಿಚಾರಣೆ. ಒಳಗೆ ಹೋಗುವ ಮುಂಚೆ ಫೋರ್‌ಮನ್ ನನ್ನನ್ನು ಪಕ್ಕಕ್ಕೆ ಕರೆದ.

“ವಾಕಿಟಾಕಿ ಬ್ಯಾಟರಿ ಹೋಯ್ತು ಅಂತ ಬರೆಯೋಣ. ನಿನ್ನ ತಮ್ಮ ಒಪ್ಪಿದಾನೆ. ಮೀಸೆಗೆ ಎರಡು ಬೆರಳು ಊದಿದೆ, ಅಷ್ಟೇ ತಾನೆ?”

ತಮ್ಮ ಗೋಡೆಗೆ ಒರಗಿ ನಿಂತಿದ್ದ. ನನ್ನನ್ನೇ ನೋಡುತ್ತಿದ್ದ. ಅವನ ಮುಖದಲ್ಲಿ ಏನು ಬರೆದಿತ್ತು ಅಂತ ಓದಲು ನನಗೆ ಕನ್ನಡಕ ಬೇಕಿರಲಿಲ್ಲ. ಅವನ ಪಕ್ಕದಲ್ಲಿ ಮೀಸೆಯಣ್ಣ ಬ್ಯಾಂಡೇಜ್ ಸುತ್ತಿದ ಕೈಯನ್ನು ಎದೆಗೆ ಅವಚಿಕೊಂಡು ಬೆಂಚಿನ ಮೇಲೆ ಕೂತಿದ್ದ.

ಅಧಿಕಾರಿ ಪೆನ್ನು ಹಿಡಿದು ಕೇಳಿದರು, “ದನಿ ನಿಂತಾಗ ನೀವ್ಯಾಕೆ ನಿಲ್ಲಿಸ್ಲಿಲ್ಲ?”

“ಕೆಮ್ಮುತಿದ್ದ ಸಾರ್. ನನ್ನ ತಮ್ಮನ ಕೆಮ್ಮು ನನಗೆ ಗೊತ್ತು ಅಂದುಕೊಂಡಿದ್ದೆ. ಎರಡೂವರೆ ವಾರದಿಂದ ಕೆಮ್ಮಿನ ಮೇಲೇ ಭಾರ ಇಳಿಸ್ತಿದ್ದೀನಿ. ಅವನಿಗೆ ಅಸ್ತಮಾ ಇದೆ, ಅದೂ ಗೊತ್ತಿತ್ತು.”

ಫೋರ್‌ಮನ್ ತಲೆ ಚಚ್ಚಿಕೊಂಡ. ನನ್ನನ್ನು ಎರಡು ವಾರ ಕ್ರೇನ್ ಹತ್ತದ ಹಾಗೆ ಮಾಡಿದರು, ಮತ್ತೆ ಪರೀಕ್ಷೆ ಬರೆಸಿದರು. ತಮ್ಮನ ಕೈಯಿಂದ ವಾಕಿಟಾಕಿ ಹೋಯಿತು. ಡಾಕ್ಟರಮ್ಮ ಸರಿಯಾಗಿದ್ದಾನೆ ಎಂದು ಬರೆದುಕೊಡುವವರೆಗೆ ಉಗ್ರಾಣದಲ್ಲಿ ಬೋಲ್ಟು ಎಣಿಸುವ ಕೆಲಸ.

“ಜೀವ ಉಳಿಸ್ಕೊಂಡು ಬಂದ್ರೆ ಬಾಯಿ ಕಿತ್ಕೊಂಡೆ ನೀನು,” ಎಂದ ಅವನು. ಆಮೇಲೆ ನನ್ನ ಜೊತೆ ಮಾತು ಬಿಟ್ಟ.

ಮುಖ ಊದಿಸಿಕೊಂಡೇ ಔಷಧಿ ಮಾತ್ರ ತಪ್ಪಿಸಲಿಲ್ಲ. ಬೆಳಿಗ್ಗೆ, ಸಂಜೆ, ನನ್ನ ಎದುರಿಗೇ ಬಂದು ನಿಂತು, ನನ್ನ ಮೇಲಿನ ಸೇಡು ತೀರಿಸಿಕೊಳ್ಳುವವನ ಹಾಗೆ ಕಂದು ಪಂಪು ಎಳೆಯುತ್ತಿದ್ದ, ಗಳಗಳ ಬಾಯಿ ಮುಕ್ಕಳಿಸುತ್ತಿದ್ದ, ಮೀಟರ್ ಊದಿ ಅಂಕಿಯನ್ನು ಫ್ರಿಜ್ಜಿನ ಮೇಲೆ ಅಂಟಿಸಿದ ಹಾಳೆಯಲ್ಲಿ ಬರೆಯುತ್ತಿದ್ದ. ಮುನ್ನೂರ ಹತ್ತು. ಮುನ್ನೂರ ಅರವತ್ತು. ಮೂರನೇ ವಾರಕ್ಕೆ ಬೆಳಗಿನ ಜಾವದ ಕೆಮ್ಮು ನಿಂತಿತು. ಆ ನಿಶ್ಶಬ್ದಕ್ಕೇ ಎಚ್ಚರವಾಗಿ ಹೋಗಿ ಅವನ ಎದೆ ಏರಿಳಿಯುತ್ತಿದೆಯೇ ಅಂತ ನೋಡಿ ಬಂದೆ.

ಏಳನೇ ವಾರ ಐನೂರ ಹತ್ತು ಊದಿದ. ಡಾಕ್ಟರಮ್ಮ ಬರೆದುಕೊಟ್ಟರು. ಆ ಕಾಗದ ಹಿಡಿದು ಮನೆಗೆ ಬಂದವನು ಮೊದಲ ಸಲ ನನ್ನ ಜೊತೆ ಮಾತಾಡಿದ.

“ನಾಳೆಯಿಂದ ನಿನ್ನ ಕಿವೀಗೆ ಮತ್ತೆ ನಾನೇ ಗತಿ, ಅಕ್ಕ.”

ನನ್ನ ಮನಸ್ಸು ಅದಕ್ಕೂ ಮುಂಚೆಯೇ ತೀರ್ಮಾನ ಮಾಡಿಯಾಗಿತ್ತು, ಅವನ ನಗು ನೋಡಿ ಹೇಳಲು ನಾಲಿಗೆ ಏಳಲಿಲ್ಲ. ಬೆಳಿಗ್ಗೆ ಫೋರ್‌ಮನ್ ಎದುರಿಗೆ ಹೇಳಿದೆ, ಇವನನ್ನು ಎರಡನೇ ಕ್ರೇನಿಗೆ ಹಾಕಿ, ನನಗೆ ಬೇರೆ ಯಾರನ್ನಾದರೂ ಕೊಡಿ ಅಂತ. ತಮ್ಮನ ಕೈ ವಾಕಿಟಾಕಿಯ ಮೇಲೇ ನಿಂತಿತು.

“ಎಲ್ಲಾ ಮಾಡಿದ್ನಲ್ಲ ಅಕ್ಕ. ಒಂದು ಹೊತ್ತೂ ತಪ್ಪಿಸ್ಲಿಲ್ಲ. ಇನ್ನೇನು ಬೇಕು ನಿಂಗೆ?”

“ನಿನ್ನ ಎದೆಗೆ ಔಷಧಿ ಸಿಕ್ತು ಕಣೋ. ನನ್ನ ಕಿವಿಗೆ ಸಿಕ್ಕಿಲ್ಲ.”

ಅವನಿಗೆ ಅರ್ಥವಾಗಲಿಲ್ಲವೋ, ಅರ್ಥ ಮಾಡಿಕೊಳ್ಳಲು ಇಷ್ಟವಿರಲಿಲ್ಲವೋ, ಬೆನ್ನು ತಿರುಗಿಸಿ ಹೋದ. ಎರಡನೇ ಕ್ರೇನಿನ ಆಪರೇಟರ್ ಬೇರೆ ಕಂಪನಿಯಿಂದ ಬಂದವನು, ಯಾರ ಜೊತೆಯೂ ಹೆಚ್ಚು ಬೆರೆಯದ ಗಂಟುಮುಖದವನು. ಅವನನ್ನು ಕಂಡರೆ ನನಗೂ ಅಷ್ಟಕ್ಕಷ್ಟೆ.

ತಿಂಗಳ ಮೇಲೆ ತಮ್ಮನಿಗೆ ಮತ್ತೆ ನೆಗಡಿ ಬಂತು. ಮೊದಲ ದಿನವೇ ಹಾಳೆ ನೋಡಿ ಅದರಲ್ಲಿದ್ದ ಹಾಗೆ ಮಾಡಿದ. ಮೀಟರ್ ನಾನೂರ ಎಂಬತ್ತಕ್ಕಿಂತ ಕೆಳಗೆ ಹೋಗಲಿಲ್ಲ. ಐದನೇ ದಿನ ಹತ್ತು ಗಂಟೆಯ ವಿರಾಮದಲ್ಲಿ ನನ್ನ ಕ್ರೇನ್ ಆಫ್ ಮಾಡಿ, ಲಿವರ್‌ಗಳಿಂದ ಕೈ ತೆಗೆದು, ವಾಕಿಟಾಕಿಯನ್ನು ಎರಡನೇ ಕ್ರೇನಿನ ಚಾನೆಲ್ಲಿಗೆ ತಿರುಗಿಸಿದೆ. ಕದ್ದು ಕೇಳುವುದು ತಪ್ಪು ಅಂತ ಗೊತ್ತಿದ್ದೇ ಕೇಳಿದೆ.

“ಇಳಿಸಿ, ಇಳಿಸಿ, ಐದು ಮೀಟರ್, ಇಳಿಸಿ...” ಒಂದು ಕೆಮ್ಮು. ಒಂದೇ ಒಂದು. ನೀರು ಕುಡಿದರೆ ಹೋಗುವ ಕೆಮ್ಮು, ನನಗೆ ಆ ಕ್ಷಣವೇ ಗೊತ್ತಾಯಿತು.

ಅಂಗಳದ ಆಚೆ, ಎರಡನೇ ಕ್ರೇನಿನ ಭಾರ ಗಾಳಿಯಲ್ಲಿ ಗಕ್ಕನೆ ನಿಂತಿತು.

“ಯಾಕ್ರೀ, ಏನಾಯ್ತು?” ಆಪರೇಟರನ ಒಣ ದನಿ.

“ಏನಿಲ್ಲ, ಬರೀ ಕೆಮ್ಮು. ಇಳಿಸಿ.”

“ಮುಗಿಸ್ಕೊಳ್ಳಿ. ನಾನು ಕಾಯ್ತೀನಿ.”

ನಾನು ಗಾಜಿನಾಚೆ ನೋಡುತ್ತಲೇ ಇದ್ದೆ. ಆ ಮನುಷ್ಯನಿಗೆ ನನ್ನ ತಮ್ಮ ಏನೇನೂ ಅಲ್ಲ, ಅವನ ಕೆಮ್ಮಿನ ಪರಿಚಯವೇ ಇಲ್ಲ. ಅವನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಆಮೇಲೆ ಕಣ್ಣು ಕೆಳಗಿಳಿಸಿದೆ. ಮೊಣಕಾಲ ಮೇಲಿದ್ದ ನನ್ನ ಬಲಗೈ, ಯಾವ ಲಿವರನ್ನೂ ಹಿಡಿಯದೆ, ಮುಂದಕ್ಕೆ ತಳ್ಳುತ್ತಲೇ ಇತ್ತು.